ಚೌಕ ಕಂಸ

ಆರು ವರ್ಷ ನಾನು ಮಾಡಿದ್ದು ಸೆರೆಮನೆಯ ಕೆಲಸ.
ಮರೋಳದ ನಾಲ್ಕನೇ ಮಹಡಿ, ಎಸಿಯ ಕೆಳಗಿನ ಕುರ್ಚಿ,
ಬೀಗದ ಕಂಪನಿಯೊಂದರ ಖಾತೆ.
ಒಂದೊಂದು ಪದವನ್ನೂ ಹಿಡಿದು
ಆಚೆಗೊಂದು ಈಚೆಗೊಂದು ಚೌಕ ಕಂಸ ಹಾಕಿ
ಕೂಡಿಡುವುದು:

[ಬಾಗಿಲ ಬೀಗ]
[ಬಾಗಿಲ ಬೀಗ ಬೆಲೆ]
[ಕುಲೂಪ್ ದಾದರ್]
[ತಾಲಾ ಏಳು ಲಿವರ್]

ಹುಡುಕುವವರು ಅಕ್ಷರಕ್ಕಕ್ಷರ ಹಾಗೇ ಬರೆದರೆ
ನಮ್ಮ ಜಾಹೀರಾತು ಎದ್ದು ನಿಲ್ಲಬೇಕು.
ಒಂದು ಕೊಂಬು, ಒಂದು ಒತ್ತು ತಪ್ಪಿದರೂ
ಕೂತೇ ಇರಬೇಕು.
ಬೇಡದ ಪದಗಳಿಗೆ ಬೇರೆ ಪಟ್ಟಿ:
ಹಾಡು, ಚಿತ್ರ, ಪುಕ್ಕಟೆ,
ಕನಸಿನಲ್ಲಿ ಬೀಗ ಕಂಡರೆ ಏನರ್ಥ.

ಜೂನಿನಲ್ಲಿ ರೇವತಿ ಪಾಟಣಕರ್ ಬಂದಳು,
ಕನ್ನಡಕ ಯಾವಾಗಲೂ ತಲೆಯ ಮೇಲೆ.
'ಪದ ಬಿಡು ಜಲಜಾ, ಪದದ ಹಿಂದೆ ಯಾರಿದ್ದಾರೆ ನೋಡು.
ಯಂತ್ರಕ್ಕೆ ಈಗ ಇಂಗಿತ ತಿಳಿಯುತ್ತೆ.'
ಹದಿನೆಂಟು ಸಾವಿರ ಕಂಸ ಒಂದೇ ಸಂಜೆ ಬಿಚ್ಚಿದೆ.
ಆ ಇನ್ನೊಬ್ಬ ಕಂಸನ ಸೆರೆಯಲ್ಲಿ ನಡುರಾತ್ರಿ
ಬೀಗಗಳು ತಾವಾಗಿ ಕಳಚಿ ಬಿದ್ದವಂತೆ,
ಕಾವಲಿನವರಿಗೆ ಜೊಂಪು ಹತ್ತಿತಂತೆ.
ಯಾವ ಕೂಸು ಹೊಳೆ ದಾಟಿತೋ
ನಾನಂತೂ ನೋಡಲಿಲ್ಲ.

ಈಗ ಪದಗಳಿಲ್ಲ, ಬಳಗಗಳು.
ಹೊಸ ಮನೆ ಕೊಂಡವರು.
ಗಣಪತಿಗೆ ಊರಿಗೆ ಹೊರಟವರು.
ಪಕ್ಕದ ಮನೆಯಲ್ಲಿ ಕಳವಾದವರು:
ಇವರು ಬೇಗ ಕೊಳ್ಳುತ್ತಾರೆ, ಬೆಲೆ ಕೇಳುವುದಿಲ್ಲ.

ಶುಕ್ರವಾರ ಎಲ್ಲರೂ ಹೋದ ಮೇಲೆ
ಜನ ಬರೆದದ್ದನ್ನು ಬರೆದ ಹಾಗೇ ಓದುತ್ತ ಕೂತೆ, ಹಳೆ ಚಟ.
ಭಾಂಡುಪ್, ರಾತ್ರಿ ಒಂದು ಐವತ್ತೆರಡು:
'ಒಳಗಿಂದ ಹಾಕೋ ಚಿಲಕ ಸದ್ದಾಗಬಾರದು'
ಭಾಂಡುಪ್, ಎರಡು ಇಪ್ಪತ್ತು:
'ಒಳಗಿಂದ ಹಾಕಿದ ಚಿಲಕ ಹೊರಗಿಂದ ತೆಗೆಯೋದು ಹೇಗೆ'

ಒಂದೇ ಮನೆಯೋ, ಎರಡು ಬೀದಿಯೋ.
ಹೆಸರಿಲ್ಲ. ಇರಲೂಬಾರದು.
ಯಂತ್ರ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿತ್ತು.
ಬಳಗ: ಮನೆ ಸಿಂಗಾರದಲ್ಲಿ ಆಸಕ್ತರು.

ಶನಿವಾರ ಮಸ್ಜಿದ್‌ನಲ್ಲಿ ಇಳಿದು ನಾಗದೇವಿ ಬೀದಿಗೆ ಹೋದೆ.
ಮುಫದ್ದಲ್ ಸೇಠರ ಅಂಗಡಿ ಎರಡು ಮಾರು ಅಗಲ,
ನಮ್ಮ ಬೀಗ ಮಾರುವವರಲ್ಲಿ ಎಲ್ಲರಿಗಿಂತ ಹಳಬರು.
ಚಿಲಕ ಬೇಕು ಅಂತ ಹೆಂಗಸೊಬ್ಬಳು ಬಂದರೆ?
ತಕ್ಕಡಿಗೆ ಮೊಳೆ ಸುರಿಯುತ್ತಿದ್ದ ಕೈ ನಿಲ್ಲಲಿಲ್ಲ.
'ಯಾವ ಚಿಲಕ ಅಂತ ಕೇಳಲ್ಲ ಬೇಟಿ,
ಬಾಗಿಲು ಯಾವ ಕಡೆ ತೆರೆಯುತ್ತೆ ಅಂತ ಕೇಳ್ತೀನಿ.
ಒಳಗಡೆ ಅಂದರೆ
ಸ್ಕ್ರೂ ಉದ್ದದ್ದು ಕೊಡ್ತೀನಿ, ಎರಡೂವರೆ ಇಂಚು.
ಒದ್ದರೆ ಚಿಲಕ ಮುರಿಯಲ್ಲ,
ಸ್ಕ್ರೂ ಕಿತ್ತು ಬರುತ್ತೆ.'

ಅವಳು ಒದೆಯ ಮಾತು ಎತ್ತಿರುವುದಿಲ್ಲವಲ್ಲ, ಅಂದೆ.
'ಯಾರು ಎತ್ತುತ್ತಾರೆ?'
ತೂಕಕ್ಕೆ ಇನ್ನೆರಡು ಮೊಳೆ ಹಾಕಿದರು.

ಹೊರಗಿಂದ ತೆಗೆಯೋದು ಹೇಗೆ ಅಂತ ಕೇಳಿದರೆ?
'ಒಮ್ಮೊಮ್ಮೆ ನನಗೆ ಕಿವಿ ಕೇಳಿಸಲ್ಲ.
ಒಮ್ಮೊಮ್ಮೆ ಅಂಗಡಿ ಬಿಟ್ಟು ಜೊತೆಗೆ ಓಡ್ತೀನಿ,
ಮಗ ಬಾಗಿಲು ತೆಗೀತಿಲ್ಲ ಅನ್ನೋ ತಾಯಂದಿರೂ ಇರ್ತಾರೆ.
ಮುಖ ನೋಡಬೇಕು, ಅಷ್ಟೆ.'

ಅಷ್ಟೆ.

ಸೋಮವಾರ ಜಾಹೀರಾತಿಗೆ ಒಂದು ಸಾಲು ಸೇರಿಸಿದೆ:
ಒಳಚಿಲಕ, ಉದ್ದ ಸ್ಕ್ರೂ ಜೊತೆಗೆ.
ಪೊಟ್ಟಣದ ಮೇಲೆ ಏನೂ ಬರೆದಿರುವುದಿಲ್ಲ.
ಯಾವ ಬಳಗಕ್ಕೆ ಇದು, ರೇವತಿ ಕೇಳಿದಳು.
ಹೆಸರು ಹೊಳೆಯಲಿಲ್ಲ, ಖಾಲಿ ಬಿಡಲು ಯಂತ್ರ ಒಪ್ಪಲಿಲ್ಲ.
ಕೈಯಭ್ಯಾಸಕ್ಕೆ ಎರಡು ಕಂಸ ಒತ್ತಿದೆ,
ನಡುವೆ ಒಬ್ಬರು ನಿಲ್ಲುವಷ್ಟು ಜಾಗ:

[ &nbsp; &nbsp; ]

ವಾರಕ್ಕೆ ಮೂರು ಕ್ಲಿಕ್ಕು, ಮೂವತ್ತಾರು ರೂಪಾಯಿ.
ಮಾರಾಟ ಒಂದು.
ಮುಲುಂಡ್.
ಭಾಂಡುಪ್ ಅಲ್ಲ.